ಅತ್ತೆಯ ಅಂಗೈ ಮೇಲಿನ ಗುಳಿಗೆ

ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ ಅನ್ನುತ್ತಾರೆ. ಎರಡೂ ಶುದ್ಧ ಸುಳ್ಳು. ನಮ್ಮ ಅತ್ತೆಯಷ್ಟು ಮಾತು ಬಲ್ಲ ಇನ್ನೊಬ್ಬರನ್ನು ನಾನು ಹುಬ್ಬಳ್ಳಿಯಲ್ಲಿ ಕಾಣಲಿಲ್ಲ, ಜಗಳವಿಲ್ಲದ ದಿನ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ. ಇನ್ನು ಊಟ. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು, ಹಸಿ ಉಳ್ಳಾಗಡ್ಡಿ ಬಿಟ್ಟು ಬೇರೇನನ್ನೂ ಕಾಣದೆ ಬೆಳೆದ ನನಗೆ, ಮೈಯಲ್ಲಿ ಕಸುವು ತುಂಬಿರಬೇಕಾದ ವಯಸ್ಸಿನಲ್ಲಿ, ಸಾಯುವ ತನಕ ಬಿಡದ ರೋಗವೊಂದು ಗಂಟುಬಿತ್ತು.

ಈಗಲೂ ದಿನಾ ಬೆಳಗ್ಗೆ ಅದಕ್ಕೊಂದು ಗುಳಿಗೆ ನುಂಗುತ್ತೇನೆ. ಈಗಿನದು ಬೆಳ್ಳಗೆ, ಪುಟ್ಟಗೆ ಇದೆ. ವಾಸನೆ ಇಲ್ಲ, ರುಚಿ ಇಲ್ಲ, ಹಾಗಾಗಿ ಅದರ ಮೇಲೆ ನನಗೆ ಅಂಥ ಗೌರವವೂ ಇಲ್ಲ. ನುಂಗುವ ಮೊದಲು ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದು ಕೂರುತ್ತೇನೆ. ಮೊಮ್ಮಕ್ಕಳು ನಗುತ್ತಾರೆ. ನಗಲಿ, ಅವರಿಗೆ ಅವರ ಮುತ್ತಜ್ಜಿ ಗೊತ್ತಿಲ್ಲ.

ನಾನು ಮದುವೆಯಾಗಿ ಬಂದದ್ದು ಅರಳೆ ವ್ಯಾಪಾರದ ಮನೆಗೆ. ಸುಗ್ಗಿ ಬಂತೆಂದರೆ ನವಲಗುಂದದ ಕಡೆಯಿಂದ ಬಂದ ಚಕ್ಕಡಿಗಳು ನಮ್ಮ ಓಣಿಯ ತುದಿಯವರೆಗೆ ಸಾಲುಗಟ್ಟುತ್ತಿದ್ದವು. ಎತ್ತುಗಳ ಕೊರಳ ಗಂಟೆ, ಗಾಡಿಯವರ ಬೈಗುಳ, ಅರಳೆ ಬಿಡಿಸುವ ಜಿನ್ನಿನ ಗಿರಣಿಯ ಕೂಗು ಎಲ್ಲ ಸೇರಿ ಬೆಳಗಾಗುತ್ತಿತ್ತು. ಅರಳೆಯ ಎಳೆ ಗಾಳಿಯಲ್ಲಿ ತೇಲಿ ಬಂದು ಸಾರಿನಲ್ಲಿ ಬೀಳುತ್ತಿತ್ತು. ನಾವು ಅದನ್ನು ಬೆರಳಿನಿಂದ ತೆಗೆದು ಉಣ್ಣುತ್ತಿದ್ದೆವು, ಅದಕ್ಕೆ ಯಾರೂ ಮುಖ ಸಿಂಡರಿಸುತ್ತಿರಲಿಲ್ಲ. ಆ ಸಾರಿನ ರುಚಿ ಈಗಿನ ಶುದ್ಧ ಸಾರಿಗೆ ಇಲ್ಲ ಅಂತ ಹೇಳಿದರೆ ನನ್ನ ಸೊಸೆಗೆ ಸಿಟ್ಟು ಬರುತ್ತದೆ.

ನಮ್ಮದು ಕೊರಳಲ್ಲಿ ಲಿಂಗ ಕಟ್ಟಿದ ಮನೆತನ. ಬೆಳಗ್ಗೆ ಸ್ನಾನವಾದ ಮೇಲೆ ಲಿಂಗ ಎಡ ಅಂಗೈಗೆ ಬರಬೇಕು, ವಿಭೂತಿ ಹಚ್ಚಿ ಪೂಜೆ ಮಾಡಬೇಕು, ಆಮೇಲೆಯೇ ಬಾಯಿಗೆ ನೀರು. ಅತ್ತೆಯ ಕಟ್ಟಳೆ ಇದಕ್ಕಿಂತ ಒಂದು ಮೆಟ್ಟಿಲು ಮೇಲಿತ್ತು. ಲಿಂಗಕ್ಕೆ ತೋರಿಸದೆ ಯಾವುದೂ ಗಂಟಲಲ್ಲಿ ಇಳಿಯಬಾರದು. ತೋರಿಸಿದ ಮೇಲೆ ಅದು ಪ್ರಸಾದ, ಅದನ್ನು ಒಲ್ಲೆ ಅನ್ನಬಾರದು, ಒಂದು ಅಗುಳೂ ಚೆಲ್ಲಬಾರದು. ಹೊಟ್ಟೆ ಕಟ್ಟಿದಾಗ ಹರಳೆಣ್ಣೆ ಕುಡಿಯುವ ಪ್ರಸಂಗ ಬಂದರೂ ಬಟ್ಟಲನ್ನು ಮೊದಲು ಲಿಂಗದ ಮುಂದೆ ಹಿಡಿದು, "ನನ್ನ ಸಂಗಾಟ ನಿನಗೂ ಬಂತ ನೋಡಪ್ಪಾ ಈ ಕರ್ಮ," ಅನ್ನುತ್ತಿದ್ದರು. ಅವರಿಗೂ ಅವರ ಲಿಂಗಕ್ಕೂ ಅಷ್ಟು ಸಲಿಗೆ.

ನನ್ನ ರೋಗ ಶುರುವಾದದ್ದು ಮಗಳು ಹುಟ್ಟಿದ ಮೇಲೆ. ಬಾಣಂತನ ಮುಗಿಸಿ ತವರಿನಿಂದ ಬಂದವಳಿಗೆ ಮೈಯೇ ಏಳದಾಯಿತು. ತವರೇನು ದೂರದ್ದಲ್ಲ, ಇಲ್ಲೇ ಉಣಕಲ್, ಆಗ ಅದು ಕೆರೆಯ ದಂಡೆಯ ಬೇರೆಯೇ ಹಳ್ಳಿ. ಬಂದವಳು ರೊಟ್ಟಿ ಬಡಿಯುತ್ತ ಬಡಿಯುತ್ತ ಹಾಗೇ ತೂಕಡಿಸುತ್ತಿದ್ದೆ, ಹೆಂಚಿನ ಮೇಲೆ ರೊಟ್ಟಿ ಕರಕಲಾಗುತ್ತಿತ್ತು. ಮುಖ ಬಾತುಕೊಂಡಿತು. ಹುಬ್ಬಿನ ತುದಿ ಉದುರಿತು. ಬಾಚಣಿಗೆಯಲ್ಲಿ ಹಿಡಿಗಟ್ಟಲೆ ಕೂದಲು ಬಂತು. ಊರೆಲ್ಲ ಸೆಕೆ ಸೆಕೆ ಅಂತ ಅಂಗಳದಲ್ಲಿ ಮಲಗಿದರೆ ನಾನು ಒಳಗೆ ಕೌದಿ ಹೊದ್ದು ನಡುಗುತ್ತಿದ್ದೆ. ನಾಲಿಗೆ ದಪ್ಪವಾಗಿ ಮಾತು ತೊದಲಿತು, ದನಿ ಗಂಡಸಿನ ದನಿಯಂತೆ ಗೊಗ್ಗರಾಯಿತು. ಇದೆಲ್ಲ ಹೋಗಲಿ, ಪಕ್ಕದಲ್ಲೇ ಕೂಸು ಅತ್ತರೂ ನನಗೆ ಎಚ್ಚರವಾಗುತ್ತಿರಲಿಲ್ಲ.

"ಎಮ್ಮಿ ಮ್ಯಾಲೆ ಮಳಿ ಸುರದಂಗ ಆತು ನಿನಗ ಹೇಳೂದು," ಅಂತ ಅತ್ತೆ ಬೈಯುತ್ತಿದ್ದರು. ಬೈದು ಬೈದು ಸುಸ್ತಾಗಿ ಕಡೆಗೆ ಬೈಯುವುದನ್ನೇ ಬಿಟ್ಟರು. ಆಗ ನನಗೆ ಖರೇನೇ ಹೆದರಿಕೆಯಾಯಿತು. ನಮ್ಮ ಅತ್ತೆ ಬೈಯದೆ ಇದ್ದಾರೆಂದರೆ ಎದುರಿಗಿದ್ದವರ ಮೇಲೆ ಆಸೆ ಬಿಟ್ಟಿದ್ದಾರೆ ಅಂತಲೇ ಲೆಕ್ಕ.

ಹಾಗೇ ಆಯಿತು. ಒಂದು ದಿನ ಪಡಸಾಲೆಯಲ್ಲಿ ಮಾತು ಕೇಳಿಸಿತು. ಅತ್ತೆಯ ಅಣ್ಣನ ಮಗಳನ್ನು ನಮ್ಮವರಿಗೆ ಎರಡನೆಯವಳಾಗಿ ತರುವುದು, ನನ್ನನ್ನು ಉಣಕಲ್ಲಿಗೆ ಕಳಿಸುವುದು, ಕೂಸು ಇಲ್ಲೇ ಬೆಳೆಯುವುದು. ಗಂಡು ಬೇಕಲ್ಲ ಮನೆಗೆ. ನಮ್ಮವರು ಏನಂದರು ಅಂತ ಕೇಳುತ್ತೀರಾ? ಅವರ ಬಾಯಲ್ಲಿ ಎಲೆ ಅಡಿಕೆ ಇತ್ತು. ಉತ್ತರ ಕೊಡುವ ಪ್ರಸಂಗ ಬಂತೆಂದರೆ ಆ ಮಹಾನುಭಾವರು ಇನ್ನೊಂದು ಎಲೆ ಮಡಚಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಾನು ಗೋಡೆಗೆ ಒರಗಿ ಎಲ್ಲ ಕೇಳಿದೆ. ಅಳಬೇಕು ಅನ್ನಿಸಿತು, ಅಳುವುದಕ್ಕೂ ಮೈಯಲ್ಲಿ ತ್ರಾಣ ಇರಲಿಲ್ಲ.

ಮರುದಿನ ಅತ್ತೆ ನನಗೆ ಒಳ್ಳೆಯ ಸೀರೆ ಉಡಲು ಹೇಳಿ ಸರ್ವಿಸ್ ಮೋಟಾರಿಗೆ ಹತ್ತಿಸಿದರು. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟಿದ್ದರು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮೋಟಾರು ಧಾರವಾಡದ ರಸ್ತೆ ಹಿಡಿದು ಧೂಳೆಬ್ಬಿಸುತ್ತ ಹೋಯಿತು. ಉಣಕಲ್ ಕೆರೆ ಕಂಡಿತು. ನಾನು ಬಟ್ಟೆ ಒಗೆದ ಕಲ್ಲು, ಎಮ್ಮೆ ಮೈ ತೊಳೆದ ದಂಡೆ. ಇಳಿಯಲು ಸೆರಗು ಸರಿಮಾಡಿಕೊಂಡೆ.

"ಎಲ್ಲಿಗೆ ಹೊಂಟಿ? ಕುಂದರ ಸುಮ್ಮ," ಅಂದರು ಅತ್ತೆ. ಮೋಟಾರು ಉಣಕಲ್ಲು ದಾಟಿತು, ರಾಯಾಪುರ ದಾಟಿತು.

ಆಮೇಲೆ ತಾವೇ ಹೇಳಿದರು. "ಧಾರವಾಡದಾಗ ಒಬ್ಬಾಕಿ ಡಾಕ್ಟರ್ ಬಾಯಿ ಅದಾಳಂತ. ತೋರಸೂದು. ನಾಳೆ ಊರ ಮಂದಿ, ಒಂದ ಔಷಧ ಸೈತ ಕೊಡಸದ ಸೊಸಿನ್ನ ಹೊರಗ ಹಾಕಿದ್ರು ಅಂತ ನನ್ನ ಹೆಸರ ಹೇಳಬಾರದು."

ನನ್ನ ಸಲುವಾಗಿ ಅಲ್ಲ, ಊರ ಬಾಯಿಯ ಸಲುವಾಗಿ. ಆದರೂ ಆ ಹೆಣ್ಣುಮಗಳು ನನ್ನನ್ನು ಉಣಕಲ್ಲು ದಾಟಿಸಿದರಲ್ಲ, ಅಷ್ಟು ಸಾಕಾಗಿತ್ತು.

ಡಾಕ್ಟರ್ ಬಾಯಿ ಪುಣೆ ಕಡೆಯವರು, ಧಾರವಾಡದಲ್ಲೇ ಕನ್ನಡ ಕಲಿತವರು. ಅವರ ಕೋಣೆಗೆ ಪರದೆ ಇಳಿಬಿಟ್ಟಿತ್ತು, ನಾವು ಹೊರಗೆ ಬಾಕಿನ ಮೇಲೆ ಕೂತಿದ್ದೆವು. ಅಲ್ಲಿಯ ಆಯಾ ನನ್ನ ಊರು ಕೇಳಿದಳು, ನಾನು ಹೇಳಿದೆ. ಅಷ್ಟಕ್ಕೇ ಒಳಗಿನಿಂದ ಕೂಗು ಬಂತು.

"ಈಗ ಮಾತಾಡಿದವರು ಯಾರು? ಅವರನ್ನ ಮೊದಲು ಕಳಸು."

ಒಳಗೆ ಹೋದರೆ ಅವರು ನನ್ನ ನಾಡಿ ಹಿಡಿಯಲಿಲ್ಲ, ನಾಲಿಗೆ ನೋಡಲಿಲ್ಲ. "ಇನ್ನೊಂದಿಷ್ಟು ಮಾತಾಡವಾ," ಅಂದರು.

"ಏನ ಮಾತಾಡ್ಲಿರಿ?" ಅಂದೆ.

ಅವರು ಕಣ್ಣು ಮುಚ್ಚಿ ಕೇಳಿದರು. ಅತ್ತೆಗೆ ರೇಗಿತು. "ಮುಖಾ ನೋಡದ ಬರೇ ದನಿ ಕೇಳಿದ್ರ ಏನ ತಿಳಿತೈತ್ರಿ? ಈಕಿ ಏನ ಹಾಡಾಕ ಬಂದಾಳೇನು?"

"ಈ ಬ್ಯಾನಿ ದನಿಯೊಳಗ ಮನಿ ಮಾಡ್ತದರಿ ಅವ್ವಾರ. ಗೋಡಿ ಆಚಿಂದ ಕೇಳಿದ್ರೂ ಗುರುತು ಹತ್ತತದ," ಅಂದರು ಡಾಕ್ಟರ್ ಬಾಯಿ.

ಆಮೇಲೆ ನನ್ನನ್ನು ಕುರ್ಚಿಯ ಮೇಲೆ ಮೊಣಕಾಲೂರಿಸಿ, ಹಿಮ್ಮಡಿಯ ಮೇಲಿನ ನರಕ್ಕೆ ರಬ್ಬರಿನ ಸುತ್ತಿಗೆಯಿಂದ ತಟ್ಟಿದರು. ಪಾದ ಎಗರಿತು, ಆದರೆ ಮರಳಿ ಬರುವಾಗ ಮನಸ್ಸಿಲ್ಲದವರ ಹಾಗೆ ನಿಧಾನವಾಗಿ ಇಳಿಯಿತು. "ಈಗ ನೀವು ಬರ್ರಿ," ಅಂತ ಅತ್ತೆಯನ್ನು ಕರೆದರು. ಅತ್ತೆ ನಾಚಿಕೊಂಡು, ಬೈದುಕೊಂಡು, ಕುರ್ಚಿಯೇರಿ ಮೊಣಕಾಲೂರಿದರು. ಸುತ್ತಿಗೆ ಬಿದ್ದದ್ದೇ ತಡ, ಅವರ ಕಾಲು ಫಟ್ಟನೆ ಎಗರಿ ಪಕ್ಕದಲ್ಲಿದ್ದ ತಗಡಿನ ತಟ್ಟೆಗೆ ಬಡಿಯಿತು, ಆಯಾ ಅದನ್ನು ಹಿಡಿಯಲು ಓಡಿದಳು. ಆ ರೋಗದ ನಡುವೆಯೂ ನನಗೆ ನಗು ಬಂತು.

"ನೋಡಿದ್ರೇನು? ನಿಮ್ಮ ಕಾಲು ಹೋಗಿ ಬಂದಿದ್ದೂ ತಿಳೀಲಿಲ್ಲ. ಈಕಿ ಕಾಲು ಹೋಗ್ತದ, ಬರೂದು ತಡಾ. ಗಂಟಲದ ಹತ್ರ ಒಂದು ಗ್ರಂಥಿ ಅದ, ಅದರ ರಸದಿಂದ ಮೈಯೆಲ್ಲಾ ಚುರುಕಿರ್ತದ. ಈಕಿ ಗ್ರಂಥಿ ಮಲಗಿಬಿಟ್ಟದ. ಆ ರಸಾ ನಾವು ಹೊರಗಿಂದ ಕೊಡಬೇಕು, ದಿನಾ, ಜೀವ ಇರೂ ತನಕ. ಬಿಟ್ರ ನಿಧಾನ ಸಾಯ್ತಾಳ."

ಅತ್ತೆ ಕುರ್ಚಿಯಿಂದ ಇಳಿದು ಸೆರಗು ಹೊದ್ದುಕೊಂಡು ನಿಂತರು. ನಿಂತಲ್ಲೇ ಕೇಳಿದರು. "ಅಂದ್ರ ಈಕಿ ಮೈಗಳ್ಳಿ ಅಲ್ಲೇನ್ರಿ?"

"ಅಲ್ಲರಿ. ಇಂಥಾ ಬ್ಯಾನಿ ಇಟ್ಟುಕೊಂಡು ರೊಟ್ಟಿ ಬಡೀತಾಳಂದ್ರ ನೀವು ಕೈ ಮುಗೀಬೇಕು ಈಕಿಗೆ."

ಅತ್ತೆ ಕೈ ಮುಗಿಯಲಿಲ್ಲ, ಅವರು ಅಂಥವರಲ್ಲ. ಆದರೆ ಹಿಂದಿರುಗುವಾಗ ಮೋಟಾರಿನಲ್ಲಿ ಕಿಟಕಿಯ ಜಾಗ ನನಗೆ ಬಿಟ್ಟುಕೊಟ್ಟರು. ಆ ಜಾಗಕ್ಕಾಗಿ ಅವರು ಬೇರೆಯವರ ಜೊತೆ ಹೊಡೆದಾಡುತ್ತಿದ್ದರು ಅಂತ ಗೊತ್ತಿದ್ದ ನನಗೆ ಅದು ಕೈ ಮುಗಿದದ್ದಕ್ಕಿಂತ ಹೆಚ್ಚು. ಉಣಕಲ್ ಕೆರೆ ಬಂದಾಗ ಅಲ್ಲಿಯವರೆಗೆ ಬಾರದಿದ್ದ ಅಳು ಬಂತು.

ಗುಳಿಗೆ ಮುಂಬಯಿಯಿಂದ ಡಾಕ್ಟರ್ ಬಾಯಿಗೆ ಬರುತ್ತಿತ್ತು, ಅವರಿಂದ ನಮಗೆ. ಕಂದು ಬಣ್ಣ, ಹಳೆಯ ತೊಗಲಿನಂಥ ವಾಸನೆ. "ಇಂಗ್ಲಿಷ್ ಔಷಧ ಅಂದ್ರ ನಾತ ಇರಬೇಕು, ಇಲ್ಲಂದ್ರ ಮಂದಿ ನಂಬೂದಿಲ್ಲ," ಅಂದರು ಅತ್ತೆ. ಶೀಸೆಯನ್ನು ದೇವರ ಜಗಲಿಯ ಮೇಲೆ ವಿಭೂತಿ ಗಟ್ಟಿಯ ಪಕ್ಕ ಇಟ್ಟರು. ದಿನಾ ಬೆಳಗ್ಗೆ ನಾನು ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡು ಪೂಜಿಸಿ, ಗುಳಿಗೆಯನ್ನು ಅದಕ್ಕೆ ತೋರಿಸಿ, ಕಣ್ಣಿಗೊತ್ತಿಕೊಂಡು ನುಂಗುತ್ತಿದ್ದೆ. ನಮ್ಮ ಮನೆಯಲ್ಲಿ ಬೇರೆ ದಾರಿಯೇ ಇರಲಿಲ್ಲ. ಗುಳಿಗೆ ಯಾವುದರಿಂದ ಮಾಡಿದ್ದು ಅಂತ ನಾವು ಕೇಳಲಿಲ್ಲ, ನಮಗೆ ಗೊತ್ತಿದೆ ಅಂದುಕೊಂಡು ಡಾಕ್ಟರ್ ಬಾಯಿ ಹೇಳಲಿಲ್ಲ.

ಮೊದಲು ಚಳಿ ಬಿಟ್ಟಿತು. ಆಮೇಲೆ ಮುಖದ ಬಾವು ಇಳಿಯಿತು. ಕೂದಲು ಹುಟ್ಟಿತು, ನಿದ್ದೆ ಹರಿಯಿತು, ಮಗಳು ಕುಂಯ್ ಅಂದರೆ ಸಾಕು ಎದ್ದು ಕೂರತೊಡಗಿದೆ. ಎಚ್ಚರವಾಗುವುದರಲ್ಲಿ ಅಷ್ಟು ಸುಖವಿದೆಯೆಂದು ನನಗೆ ಗೊತ್ತಿರಲಿಲ್ಲ. ದನಿ ವಾಪಸು ಬಂದದ್ದು ಗೊತ್ತಾದದ್ದು ಮಾತ್ರ ಒಂದು ಜಗಳದಲ್ಲಿ. ಅತ್ತೆ ಉಪ್ಪಿನಕಾಯಿಗೆ ಖಾರ ಸುರಿಯುತ್ತಲೇ ಇದ್ದರು. ನಾನು ಅಡುಗೆಮನೆಯಿಂದ, "ಸಾಕ್ರಿ ಅತ್ತ್ಯಾರ, ತಿನ್ನೂ ಮಂದಿ ಬಾಯಿ ಸುಡಬೇಕೇನು?" ಅಂತ ಒದರಿದೆ. ಗಂಟೆ ಬಾರಿಸಿದ ಹಾಗೆ ಬಂತು ದನಿ. ಅತ್ತೆ ಸೌಟು ಹಿಡಿದು ನನ್ನನ್ನೇ ನೋಡಿದರು.

"ಎವ್ವಾ, ಬಂತಲ್ಲೇ ನಿನ್ನ ಬಾಯಿ! ನಾ ಒಬ್ಬಾಕಿನ ಬೈದ ಬೈದ ಸಾಕಾಗಿತ್ತು."

ಅವತ್ತು ನಾವು ಮನಸಾರೆ ಜಗಳ ಮಾಡಿದೆವು. ಅಣ್ಣನ ಮಗಳ ಸುದ್ದಿ ಮತ್ತೆ ಆ ಮನೆಯಲ್ಲಿ ಬರಲಿಲ್ಲ.

ಡಾಕ್ಟರ್ ಬಾಯಿ ಮೊದಲ ದಿನವೇ ನನ್ನ ಮುಖದ ಫೋಟೋ ತೆಗೆದಿದ್ದರು, ಗುಣವಾದ ಮೇಲೆ ಇನ್ನೊಂದು ತೆಗೆದರು. ಇಂಥ ರೋಗಿಗಳ ಬಗ್ಗೆ ಅವರಿಗೆ ಅಭ್ಯಾಸ ಮಾಡುವ ಹುಚ್ಚು. ಸಂತೆಯಲ್ಲಿ ಗಳಗಂಡದವರು ಕಂಡರೆ ನಿಲ್ಲಿಸಿ ಕುತ್ತಿಗೆ ಮುಟ್ಟಿ ನೋಡುತ್ತಿದ್ದರು, ಯಾವ ಊರಿನ ನೀರು ಕುಡಿಯುತ್ತೀರಿ ಅಂತ ಕೇಳುತ್ತಿದ್ದರು. ನರ್ಸು ಹುಡುಗಿಯರಿಗೆ ಎರಡೂ ಫೋಟೋ ತೋರಿಸಿ, ಆಮೇಲೆ ನನ್ನನ್ನು ತೋರಿಸುತ್ತಿದ್ದರು. ಅತ್ತೆ ಒಮ್ಮೆ ಮೊದಲನೆಯ ಫೋಟೋ ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. "ಇದನ್ನ ಒಳಗ ಇಡ್ರಿ ಬಾಯಾರ, ನನಗ ನೋಡಾಕ ಆಗವಲ್ದು," ಅಂದರು.

ಒಳ್ಳೆಯ ವರ್ಷಗಳು ಅವು. ಮಗಳು ಸಾಲಿಗೆ ಹೋಗುವಷ್ಟಾದಳು, ಅವಳ ಬೆನ್ನ ಮೇಲೆ ಒಬ್ಬ ಮಗನೂ ಹುಟ್ಟಿದ. ಗುಳಿಗೆ ತರಲು ಧಾರವಾಡಕ್ಕೆ ಹೋಗುವುದೆಂದರೆ ನನಗೂ ಅತ್ತೆಗೂ ಜಾತ್ರೆ. ಬುತ್ತಿ ಕಟ್ಟಿಕೊಂಡು ಹೋಗಿ, ಡಾಕ್ಟರ್ ಬಾಯಿಯ ಕಂಪೌಂಡಿನ ಹುಣಸೆಮರದ ಕೆಳಗೆ ಬಿಚ್ಚಿ ಉಂಡು, ದಾರಿಯುದ್ದಕ್ಕೂ ಊರವರ ಉಸಾಬರಿ ಆಡಿಕೊಂಡು ಬರುತ್ತಿದ್ದೆವು. ಕಿಟಕಿಯ ಜಾಗ ಹೋಗುವಾಗ ಅವರಿಗೆ, ಬರುವಾಗ ನನಗೆ. ಈಗ ಅದೇ ದಾರಿಯಲ್ಲಿ ಹೋದರೆ ಎಲ್ಲಿ ಉಣಕಲ್ಲು ಮುಗಿಯಿತು, ಎಲ್ಲಿ ರಾಯಾಪುರ ಶುರುವಾಯಿತು ಅಂತಲೇ ತಿಳಿಯುವುದಿಲ್ಲ. ಮಾತಾಡಲು ಪಕ್ಕದಲ್ಲಿ ಅವರೂ ಇಲ್ಲ.

ಅಷ್ಟರಲ್ಲಿ ದೇಶದೇಶಗಳ ಲಡಾಯಿ ಬಂತು. ಸೀಮೆಎಣ್ಣೆ ತುಟ್ಟಿಯಾಯಿತು, ಸಕ್ಕರೆ ಸಿಗದಾಯಿತು. ಒಂದು ಸಲ ಧಾರವಾಡಕ್ಕೆ ಹೋದಾಗ ಡಾಕ್ಟರ್ ಬಾಯಿ ಖಾಲಿ ಶೀಸೆ ತೋರಿಸಿದರು.

"ಹಡಗ ನಿಂತಾವ. ಮುಂಬಯಿಯೊಳಗೂ ಈ ಗುಳಿಗಿ ಇಲ್ಲ. ಚಿಂತಿ ಮಾಡಬ್ಯಾಡ್ರಿ, ನಾವ ಮಾಡೋಣಂತ. ಕಟುಕರ ಅಂಗಡಿಯೊಳಗ ಹೇಳಿ ಕುರಿ ಗಂಟಲದ ಗ್ರಂಥಿ ತಗಿಸಿ ತರ್ರಿ. ನಮ್ಮ ಕಂಪೌಂಡರ್ ಒಣಗಿಸಿ ಪುಡಿ ಮಾಡಿ ಕೊಡ್ತಾನ."

"ಕುರೀದು ಯಾಕ ಬೇಕರಿ?" ಅತ್ತೆ ಕೇಳಿದರು.

"ಗುಳಿಗಿಗೆರಿ. ಇಷ್ಟ ದಿನಾ ತಗೊಂಡಿದ್ದೂ ಅದರದೇ ಅಲ್ಲೇನು?" ಅಂದ ಡಾಕ್ಟರ್ ಬಾಯಿ ನಮ್ಮಿಬ್ಬರ ಮುಖ ನೋಡಿ ತಡೆದರು. "ಅಯ್ಯ, ನಿಮಗ ಗೊತ್ತಿರಲಿಲ್ಲೇನು?"

ನನ್ನ ಕೈ ತಾನಾಗಿ ಕೊರಳ ಲಿಂಗದ ಮೇಲೆ ಹೋಯಿತು. ಇಷ್ಟು ವರ್ಷ, ಒಂದು ದಿನವೂ ತಪ್ಪಿಸದೆ, ಭಕ್ತಿಯಿಂದ, ನಾನು ಅದಕ್ಕೆ ತೋರಿಸುತ್ತ ಬಂದದ್ದು ಕುರಿಯ ಮಾಂಸ. ಬೇರೆ ಮನೆಯವರಾಗಿದ್ದರೆ ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತಿದ್ದರು, ಅಷ್ಟೇ. ನಾವು ನೇಮಸ್ಥರು ನೋಡಿ, ಅದಕ್ಕೇ ಕಣ್ಣಿಗೊತ್ತಿಕೊಂಡು ಪ್ರಸಾದ ಮಾಡಿಕೊಂಡು ತಿಂದಿದ್ದೆವು. ಹಿಂದಿರುಗುವಾಗ ಅತ್ತೆ ಕಿಟಕಿಯ ಜಾಗದ ಮಾತೇ ತೆಗೆಯಲಿಲ್ಲ.

ಮನೆಗೆ ಬಂದು ತಲೆಯ ಮೇಲೆ ನೀರು ಸುರಿದುಕೊಂಡೆ. ಶೀಸೆಯಲ್ಲಿ ಉಳಿದಿದ್ದ ನಾಲ್ಕು ಗುಳಿಗೆಯನ್ನು ಜಗಲಿಯಿಂದ ತೆಗೆದು ಹಿತ್ತಲ ಗೂಡಿನಲ್ಲಿ ಇಟ್ಟೆ. ಇನ್ನು ಮುಟ್ಟುವುದಿಲ್ಲ ಅಂತ ಶಪಥ ಮಾಡಿದೆ. ಬಿಟ್ಟರೆ ಏನಾಗುತ್ತದೆ ಅಂತ ಗೊತ್ತಿಲ್ಲದೆ ಅಲ್ಲ, ಚೆನ್ನಾಗಿ ಗೊತ್ತಿತ್ತು. ಆದರೆ ಗೊತ್ತಿದ್ದೂ ಅದನ್ನು ಲಿಂಗಕ್ಕೆ ಹೇಗೆ ತೋರಿಸಲಿ? ಲಿಂಗಕ್ಕೆ ತೋರಿಸದೆ ಹೇಗೆ ತಿನ್ನಲಿ? ನಮ್ಮವರನ್ನು ಕೇಳಿದೆ. ಅವರು ಎಲೆಯ ತೊಟ್ಟು ಮುರಿಯುತ್ತ, "ನಿನಗ ಹೆಂಗ ಛಲೋ ಅನಸತೈತಿ ಹಂಗ ಮಾಡು," ಅಂದರು. ಪುಣ್ಯಾತ್ಮ.

ಸ್ವಲ್ಪ ದಿನ ಏನೂ ಆಗಲಿಲ್ಲ. ಆಮೇಲೆ ಒಂದು ಮಧ್ಯಾಹ್ನ, ಬಿಸಿಲು ನೆತ್ತಿ ಸುಡುವಾಗ, ಪೆಟ್ಟಿಗೆಯಿಂದ ಕೌದಿ ತೆಗೆದೆ. ಮುಖ ಮತ್ತೆ ಬಿಗಿಯಿತು. ರೊಟ್ಟಿ ಮತ್ತೆ ಕರಕಲಾಯಿತು. ಮಗಳು ಸಾಲಿಯಿಂದ ಬಂದವಳು, "ಅವ್ವಾ, ನಿನ್ನ ದನಿಗೆ ಏನಾತು?" ಅಂತ ಕೇಳಿದಳು. ಏನಿಲ್ಲ, ನೆಗಡಿ ಅಂದೆ. ಅತ್ತೆ ಜೋಳ ಹಸನು ಮಾಡುತ್ತ ಕೂತಿದ್ದರು. ತಲೆ ಎತ್ತಿ ನನ್ನನ್ನು ನೋಡಿದರು, ಬೈಯಲಿಲ್ಲ. ಅವರು ನನಗೆ ಬೈಯದೆ ಬಹಳ ದಿನವಾಗಿತ್ತು. ಹಿಂದಿನ ಹೆದರಿಕೆ ಮತ್ತೆ ಬಂದು ಎದೆಯ ಮೇಲೆ ಕೂತಿತು. ಸಾವಿಗಿಂತ ಮೊದಲು ಉಣಕಲ್ಲು ಬರುತ್ತದೆ ಅಂದುಕೊಂಡೆ.

ವರ್ಷಕ್ಕೊಮ್ಮೆ ನಮ್ಮ ಮನೆಯ ಗಾದಿ ಹಿಂಜಲು ಬರುತ್ತಿದ್ದವಳು ಪಿಂಜಾರರ ಮನೆಯ ಬೂಬು. ಅತ್ತೆಯ ವಯಸ್ಸಿನವಳು, ಮಾತಿನಲ್ಲೂ ಅತ್ತೆಗೆ ಜೋಡಿ. ಆ ವಾರ ಬಂದಿದ್ದಳು. ಅವಳಿಗೆ ನೀರು ಕೊಡುವಾಗ ನನ್ನ ಮಾತು ಕೇಳಿ, ಹಿಂಜುವ ಬಿಲ್ಲು ಕೆಳಗಿಟ್ಟು ನನ್ನ ಮುಖ ಹಿಡಿದು ನೋಡಿದಳು. ಆಮೇಲೆ ಹಿತ್ತಲಲ್ಲಿ ಅವಳೂ ಅತ್ತೆಯೂ ಬಹಳ ಹೊತ್ತು ಗುಸುಗುಸು ಮಾತಾಡಿದರು.

ಮರುದಿನ ಬೆಳಗ್ಗೆ ಅತ್ತೆ, "ಮಠಕ್ಕ ಹೋಗಿ ಬರ್ತೀನಿ," ಅಂತ ಹೊರಟರು. ಕೈಯಲ್ಲಿ ಬಟ್ಟೆ ಬಿಗಿದ ಸಣ್ಣ ಗಡಿಗೆ. ಮಠಕ್ಕೆ ತುಪ್ಪ ಒಯ್ಯುತ್ತಿರಬೇಕು, ನನ್ನ ಗತಿ ಏನು ಮಾಡಬೇಕು ಅಂತ ಕೇಳಿಬರಲು ಹೋಗುತ್ತಿರಬೇಕು ಅಂದುಕೊಂಡೆ. ಸಂಜೆ ಬಂದವರು ಕಾಲು ತೊಳೆದು, ಉಂಡು, ಮಲಗಿಬಿಟ್ಟರು. ನಾನಾಗಿ ಕೇಳುವ ಧೈರ್ಯವಾಗಲಿಲ್ಲ.

ಬೆಳಗ್ಗೆ ಪೂಜೆಗೆ ಕೂತಾಗ ಅತ್ತೆ ನನ್ನ ಎದುರಿಗೆ ಮಣೆ ಹಾಕಿಕೊಂಡು ಕೂತರು. ಮಡಿಲಿನಿಂದ ಒಂದು ಪುಟ್ಟ ಕಾಗದದ ಪೊಟ್ಟಣ ತೆಗೆದು ಬಿಚ್ಚಿದರು. ಬೂದಿಗಿಂತ ಸ್ವಲ್ಪ ಕಪ್ಪು ಪುಡಿ. ವಾಸನೆ ಅದೇ.

"ಮಠದಾಗ ಏನಂದ್ರು?" ಅಂತ ಕೇಳಿದೆ. ನನ್ನ ದನಿ ನನಗೇ ಹೇಸಿಗೆಯಾಯಿತು.

"ಮಠಕ್ಕ ಯಾರ ಹೋಗಿದ್ರು? ಬೂಬುನ ತಮ್ಮಂದು ಕಟುಕರ ಓಣ್ಯಾಗ ಅಂಗಡಿ ಐತಿ, ಆಕಿ ಆ ಗ್ರಂಥಿ ತಂದ ಕೊಟ್ಟಳು. ನಾನ ಧಾರವಾಡಕ್ಕ ಒಯ್ದು, ಕಂಪೌಂಡರ್ ಮುಂದ ಕುಂತ, ಪುಡಿ ಮಾಡಿಸಿಕೊಂಡ ಬಂದೇನಿ."

ಕಟುಕರ ಓಣಿಯ ಬಾಯಿ ದಾಟುವಾಗ ಮೂಗಿಗೆ ಸೆರಗು ಹಿಡಿದು ಓಡುತ್ತಿದ್ದ ಹೆಂಗಸು ಇವರು. ಆ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮೋಟಾರಿನಲ್ಲಿ ಧಾರವಾಡದವರೆಗೆ ಹೋಗಿದ್ದರು.

"ನನ್ನ ಕೈಲೆ ಆಗೂದಿಲ್ಲರಿ ಅತ್ತ್ಯಾರ. ಲಿಂಗಕ್ಕ ಹೆಂಗ ತೋರಸ್ಲಿ?"

"ಇಷ್ಟ ವರ್ಷ ದಿನಾ ತೋರಿಸೀದಿ. ಒಂದ ದಿನಾನಾದ್ರೂ ಅವಾ ಒಲ್ಲೆ ಅಂದ್ನೇನು?"

"ಆಗ ನನಗ ಗೊತ್ತಿರಲಿಲ್ಲರಿ."

"ನಿನಗ ಗೊತ್ತಿರಲಿಲ್ಲ, ಖರೇ. ಅವಗೂ ಗೊತ್ತಿರಲಿಲ್ಲೇನು?"

ನಾನು ನನ್ನ ಲಿಂಗವನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

ಅತ್ತೆ ತಮ್ಮ ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡರು. ಬಲಗೈಯಲ್ಲಿ ಆ ಪುಡಿ ಹಿಡಿದು ಲಿಂಗದ ಮುಂದೆ ಒಡ್ಡಿದರು.

"ನಿನ್ನ ಲಿಂಗಕ್ಕ ತೋರಸಾಕ ಅಂಜಿಕಿ ಇದ್ರ ಬ್ಯಾಡ. ನಾ ನನ್ನದಕ್ಕ ತೋರಿಸೇನಿ, ನೋಡು. ಪಾಪ ಇದ್ರ ನನ್ನ ತಲಿಮ್ಯಾಲೆ ಬರ್ಲಿ. ಈಗ ಇದು ಪ್ರಸಾದ ಆತು. ಒಲ್ಲೆ ಅಂತೀಯೇನು?"

ಆ ಮನೆಯಲ್ಲಿ ಪ್ರಸಾದಕ್ಕೆ ಒಲ್ಲೆ ಅಂದವರಿಲ್ಲ. ಅವರ ಅಂಗೈಯಿಂದಲೇ ಬಾಯಿಗೆ ಹಾಕಿಸಿಕೊಂಡೆ. ಉಪ್ಪುಪ್ಪು, ಕಮಟು, ಗಂಟಲಿಗೆ ಅಂಟುವಂಥದು. ನೀರು ಕುಡಿದು, ಅವರ ಮಡಿಲಲ್ಲಿ ಮುಖವಿಟ್ಟು ಎಮ್ಮೆಯ ದನಿಯಲ್ಲೇ ಹೋ ಅಂತ ಅತ್ತುಬಿಟ್ಟೆ. "ಸಾಕ ಸಾಕು, ಏಳು, ರೊಟ್ಟಿ ಹಿಟ್ಟು ನಿಮ್ಮಪ್ಪ ನಾದತಾನೇನು?" ಅಂತ ಬೈದರು. ಬೈದರಲ್ಲ, ಅದನ್ನು ಕೇಳಿ ನನಗೆ ಇನ್ನಷ್ಟು ಅಳು ಬಂತು.

ಅಲ್ಲಿಂದ ದಿನಾ ಬೆಳಗ್ಗೆ ಹಾಗೆಯೇ. ತಮ್ಮ ಲಿಂಗಕ್ಕೆ ತೋರಿಸಿ ನನಗೆ ಕೊಡುವರು, ನಾನು ನುಂಗುವೆ. ಪುಡಿ ಒಂದೇ ಅಳತೆಗೆ ಬರುತ್ತಿರಲಿಲ್ಲ. ಒಮ್ಮೊಮ್ಮೆ ಜೋರಾಗಿ ಎದೆ ಡವಡವ ಅನ್ನುತ್ತ, ಒಂದು ಕ್ಷಣ ಸುಮ್ಮನಿರದೆ ನಾನು ಮನೆ ತುಂಬ ಓಡಾಡಿ ಮಾತಾಡುತ್ತಿದ್ದೆ. ಆಗ ಅತ್ತೆ, "ಈ ಸರ್ತೀದು ಟಗರ ಇತ್ತ ಕಾಣತೈತಿ," ಅನ್ನುತ್ತಿದ್ದರು. ಮಕ್ಕಳಿಗೆ ಅರ್ಥವಾಗುತ್ತಿರಲಿಲ್ಲ. ನಾವಿಬ್ಬರೂ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದೆವು. ಬೂಬು ಬಂದರೆ ಅವಳೂ ನಗುತ್ತಿದ್ದಳು.

ಲಡಾಯಿ ಮುಗಿದು ಮುಂಬಯಿಯ ಗುಳಿಗೆ ಮತ್ತೆ ಬರತೊಡಗಿತು. ನಾನೇ ತೋರಿಸಿಕೊಳ್ಳುತ್ತೇನೆ ಅಂತ ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ, ಅವರೂ ಕೇಳಲಿಲ್ಲ. ಹಾಸಿಗೆ ಹಿಡಿದ ಮೇಲೂ ಬೆಳಗ್ಗೆ ಅವರನ್ನು ಎಬ್ಬಿಸಿ ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟರೆ, ಬಲಗೈ ತಾನಾಗಿ ಗುಳಿಗೆಗಾಗಿ ಚಾಚುತ್ತಿತ್ತು. ಕಡೆಕಡೆಗೆ ನನ್ನ ಹೆಸರು ಮರೆತರು, ಗುಳಿಗೆ ಮರೆಯಲಿಲ್ಲ. "ಎಲ್ಲೈತಿ ಅದು, ಕೊಡ," ಅನ್ನುತ್ತಿದ್ದರು.

ಅವರು ಹೋದದ್ದು ಅರಳೆಯ ಸುಗ್ಗಿಯಲ್ಲಿ. ನಮ್ಮ ಪದ್ಧತಿಯಂತೆ ಕೂರಿಸಿ, ಅವರ ಲಿಂಗವನ್ನು ಅವರ ಎಡ ಅಂಗೈಯಲ್ಲೇ ಇಟ್ಟು ಮಣ್ಣು ಕೊಟ್ಟರು. ಲಿಂಗ ಅವರ ಜೊತೆಗೇ ಹೋಯಿತು.

ಮರುದಿನ ಬೆಳಗ್ಗೆ ಸ್ನಾನ ಮಾಡಿ ಜಗಲಿಯ ಮುಂದೆ ಕೂತೆ. ಎದುರಿನ ಮಣೆ ಬರಿದಾಗಿತ್ತು. ಓಣಿಯಲ್ಲಿ ಚಕ್ಕಡಿಗಳು ಬರುತ್ತಿದ್ದವು. ಗುಳಿಗೆ ನನ್ನ ಬಲಗೈಯಲ್ಲಿತ್ತು. ತೋರಿಸಲು ಅಲ್ಲಿ ನನ್ನ ಲಿಂಗವಲ್ಲದೆ ಬೇರೆ ಇರಲಿಲ್ಲ. ಅದನ್ನು ಬಿಚ್ಚಿ ಎಡ ಅಂಗೈಗೆ ತೆಗೆದುಕೊಂಡೆ, ಎಲ್ಲ ಗೊತ್ತಿದ್ದೂ ಗುಳಿಗೆಯನ್ನು ಅದರ ಮುಂದೆ ಹಿಡಿದೆ, ಬಹಳ ಹೊತ್ತು ಕಾದೆ.

ಅವನು ಒಲ್ಲೆ ಅನ್ನಲಿಲ್ಲ.